ರಬ್ಬರ್ ಕೊಳವೆಯ ಮೇಲೆ ಒಂದು ಬಡಾವಣೆ

ಫ್ರೇಮಿನವರ ಬಡಾವಣೆಗೆ ಬಸ್ಸಿರಲಿಲ್ಲ.

ಉಳಿದದ್ದೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇತ್ತು. ನೀರಿನ ಟ್ಯಾಂಕರ್ ದುಡ್ಡು ಕೊಟ್ಟರೆ ಬರುತ್ತಿತ್ತು, ಕಸದ ಗಾಡಿ ಮನಸ್ಸಾದರೆ ಬರುತ್ತಿತ್ತು, ಮತ ಕೇಳುವವರು ಕರೆಯದೆಯೇ ಬರುತ್ತಿದ್ದರು. ನಗರ ಕುಂಬಳದ ಬಳ್ಳಿಯ ಹಾಗೆ ಸಿಕ್ಕ ಕಡೆಗೆಲ್ಲ ಹಬ್ಬುತ್ತಿತ್ತು; ಈ ಬಡಾವಣೆ ಅದರ ತುದಿಯ ಕುಡಿ. ಬೆಳಗಾದರೆ ಅರ್ಧ ಬಡಾವಣೆ ಬುತ್ತಿ ಡಬ್ಬಿ ಹಿಡಿದು ಮುಖ್ಯರಸ್ತೆಗೆ ನಡೆಯುತ್ತಿತ್ತು. ಅಲ್ಲಿ ಮುಟ್ಟುವಷ್ಟರಲ್ಲಿ ಬಸ್ಸು ತುಂಬಿರುತ್ತಿತ್ತು. ಜನ ಬಾಗಿಲಿಗೆ ಜೋತು ಬಿದ್ದು ಹೋಗುತ್ತಿದ್ದರು, ಸಂಜೆ ಹಾಗೆಯೇ ಜೋತು ಬಿದ್ದು ಬಂದು ಮತ್ತೆ ನಡೆಯುತ್ತಿದ್ದರು.

ಫ್ರೇಮಿನವರು ಮಾತ್ರ ನಡೆಯುತ್ತಿರಲಿಲ್ಲ. ಅವರ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಫೋಟೋ, ಚಿತ್ರ, ಪ್ರಮಾಣಪತ್ರ, ಏನು ಬಂದರೂ ಕಟ್ಟು ಹಾಕಿ ಗಾಜು ಕೂರಿಸುವುದು ಅವರ ಕಸುಬು. ಕಸುಬಿನಲ್ಲಿ ಅವರ ಕೈ ಶುದ್ಧ. ಬದುಕಿನಲ್ಲಿ ಮಾತ್ರ ಒಂದು ತೊಡಕಿತ್ತು: ಯಾವ ವಿಷಯಕ್ಕಾದರೂ ಅವರು ಮೊದಲು ಕಟ್ಟು ಹಾಕುತ್ತಿದ್ದರು, ಒಳಗೆ ಏನಿದೆಯೆಂದು ಆಮೇಲೆ ನೋಡುತ್ತಿದ್ದರು.

ಮಗಳಿಗೆ ರಕ್ತ ಪರೀಕ್ಷೆಯ ತರಬೇತಿ ಕಾಲೇಜಿನಲ್ಲಿ ಸೀಟು ಸಿಕ್ಕಿದ ವಾರ ಅವರ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಊಟಕ್ಕೆ ಬಂದರು. ಕಾಲೇಜು ನಗರದ ಆ ತುದಿಯಲ್ಲಿತ್ತು. ಷಡ್ಡಕರ ಮನೆ ರೈಲು ನಿಲ್ದಾಣದ ಎದುರಿಗಿತ್ತು. ಆ ನಿಲ್ದಾಣವನ್ನು ತಮ್ಮ ಅಪ್ಪ ಕಟ್ಟಿಸಿದ್ದು ಎಂಬಂತೆ ಅವರು ಮಾತಾಡುತ್ತಿದ್ದರು.

"ಮಗು ನಮ್ಮ ಮನೇಲಿ ಇರಲಿ," ಎಂದರು ಷಡ್ಡಕ, ಎರಡನೇ ಸಲ ಬಡಿಸಿಕೊಳ್ಳುತ್ತ. "ಮಹಡಿ ಮೇಲಿನ ಕೋಣೆ ಖಾಲಿ ಇದೆ. ಕಿಟಕಿಯಿಂದ ಕೈ ಚಾಚಿದರೆ ರೈಲು. ಇಲ್ಲಿಂದ ಓಡಾಡಿದರೆ ಹುಡುಗಿ ಓದೋದು ಯಾವಾಗ, ಮಲಗೋದು ಯಾವಾಗ?"

"ಭಾವ ಹೇಳೋದು ಸರಿ," ಎಂದಳು ಹೆಂಡತಿ. ಅವಳು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹೊದಿಕೆಗಳನ್ನು ಮಡಿಚುವವಳು. ದಿನಾ ಮುಖ್ಯರಸ್ತೆಗೆ ನಡೆದು ನಡೆದು ಅವಳ ಮೊಣಕಾಲು ಊದಿಕೊಂಡಿತ್ತು. ರಸ್ತೆಯ ವಿಷಯದಲ್ಲಿ ಮನೆಯಲ್ಲಿ ತಿಳಿದವಳೆಂದರೆ ಅವಳೊಬ್ಬಳೇ.

ಫ್ರೇಮಿನವರು ಮಗಳ ಮುಖ ನೋಡಿದರು. ಅವಳು ತಲೆ ತಗ್ಗಿಸಿ ತಟ್ಟೆಯ ಮೇಲೆ ಗೀರು ಎಳೆಯುತ್ತಿದ್ದಳು. ದಿನಾ ಸಂಜೆ ಗಾಜು ಒರೆಸಿಕೊಡುತ್ತ ಅಂದಂದಿನ ಕಥೆ ಹೇಳುವವಳು ಇನ್ನು ಮುಂದೆ ಷಡ್ಡಕರ ಮುಂದೆ ಹೇಳುತ್ತಾಳೆ. ಷಡ್ಡಕ ಅದನ್ನು ಭಾನುವಾರ ಇವರಿಗೆ ದಾಟಿಸುತ್ತಾರೆ.

"ಅದೇನೂ ಬೇಕಾಗಲ್ಲ," ಎಂದರು ಫ್ರೇಮಿನವರು. "ನಮ್ಮ ಬಡಾವಣೆಗೆ ಬಸ್ ಬರ್ತಾ ಇದೆ."

ಷಡ್ಡಕರ ಕೈ ಬಾಯಿಯ ಹತ್ತಿರ ನಿಂತಿತು. "ಯಾರು ಹೇಳಿದ್ದು?"

"ಮಂಜೂರಾಗಿದೆ."

"ಯಾವಾಗ?"

"ಆಗಿದೆ ಅಂದ ಮೇಲೆ ಆಗಿದೆ. ನಾನೇ ಓಡಾಡಿ ಮಾಡಿಸಿದ್ದು."

ಹೆಂಡತಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಗಂಡನನ್ನೇ ನೋಡಿದಳು. ಈ ಮನುಷ್ಯ ಓಡಾಡಿದ್ದನ್ನು ಅವಳು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಮಾತು ಅಲ್ಲಿಗೆ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಪಕ್ಕದ ಮನೆಯವರು ಡ್ರಿಲ್ ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಸಾಲಾಗಿ ನಿಲ್ಲಿಸಲು ಮಕ್ಕಳಿರಲಿಲ್ಲ; ಕೊರಳಲ್ಲಿ ಸೀಟಿ ಮಾತ್ರ ಉಳಿದಿತ್ತು. ಎರಡು ಮನೆಗಳ ಮಧ್ಯೆ ಇದ್ದ ಗೋಡೆ ಒಂದು ಇಟ್ಟಿಗೆಯದು. ಬೆಳಿಗ್ಗೆ ಫ್ರೇಮಿನವರು ಬಾಗಿಲು ತೆಗೆದಾಗ ಹೊರಗೆ ಜನ ನಿಂತಿದ್ದರು.

"ಇಂಥವರು ಬೇಕು ನೋಡಿ," ಎಂದರು ಡ್ರಿಲ್ ಮೇಷ್ಟ್ರು. "ಬಲಗೈ ಮಾಡಿದ್ದು ಎಡಗೈಗೆ ತಿಳಿಸದೆ ಇಡೀ ಬಡಾವಣೆಗೆ ಬಸ್ ತರಿಸಿದ್ದಾರೆ."

"ಕೈಗೇನು, ಹೆಂಡತಿಗೂ ತಿಳಿಸಿಲ್ಲ," ಎಂದಳು ಒಳಗಿನಿಂದ ಹೆಂಡತಿ.

ದಿನಸಿ ಅಂಗಡಿಯಮ್ಮ ಸಕ್ಕರೆಯ ಪೊಟ್ಟಣ ತಂದಿದ್ದಳು. "ಅಣ್ಣಾ, ಬಸ್ ನನ್ನ ಅಂಗಡಿ ಮುಂದೆ ನಿಲ್ಲಲಿ. ಇಳಿದವರು ಎರಡು ಬಾಳೆಹಣ್ಣಾದರೂ ತಗೋತಾರೆ."

ಇಲ್ಲ, ನಾನು ಬಾಯಿ ತಪ್ಪಿ ಅಂದದ್ದು, ಎಂದು ಹೇಳಲು ಅದು ಒಳ್ಳೆಯ ಸಮಯ. ಫ್ರೇಮಿನವರು ಸಕ್ಕರೆ ತೆಗೆದುಕೊಂಡರು.

ಅಂದಿನಿಂದ ಅವರಿಗೆ ಬೇರೆ ದಾರಿಯಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿಯಾಗಿತ್ತು. ಇನ್ನು ಕೂಸನ್ನು ಹುಟ್ಟಿಸಬೇಕು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಹಾನಗರ ಪ್ರಾದೇಶಿಕ ಸಾರಿಗೆಯ ಅನುದಾನ ಕಚೇರಿಗೆ ಹೋದರು. ಮುಖ್ಯರಸ್ತೆಯವರೆಗೆ ನಡೆದು, ಬಸ್ಸಿಗೆ ಜೋತು ಬಿದ್ದು ಹೋದರು. ಇಸ್ತ್ರಿ ಉಳಿಯಲಿಲ್ಲ.

ಅನುದಾನದ ಅಧಿಕಾರಿ ಐವತ್ತರ ಹೆಂಗಸು. ಅವರ ಹಿಂದಿನ ಗೋಡೆಯ ತುಂಬ ನಗರದ ನಕ್ಷೆಯಿತ್ತು. ನಗರ ಬೆಳೆದು ನಕ್ಷೆಯಿಂದ ಹೊರಗೆ ಹೋಗಿದ್ದರಿಂದ ಅಂಚಿಗೆ ಬೇರೆ ಬೇರೆ ಹಾಳೆಗಳನ್ನು ಅಂಟಿಸಿದ್ದರು. ಫ್ರೇಮಿನವರ ಬಡಾವಣೆ ಕೊನೆಯ ಹಾಳೆಯಲ್ಲಿ, ಕಿಟಕಿಯ ಚಿಲಕದ ಹತ್ತಿರವಿತ್ತು.

"ನೋಡಿ, ನನ್ನ ಹತ್ರ ಇರೋದು ಒಂದು ಹಂಡೆ ನೀರು," ಎಂದರು ಅಧಿಕಾರಿ. "ಕೊಡ ಹಿಡಿದು ನಿಂತಿರೋದು ಇಡೀ ನಗರ. ಇವರಿಗೆ ಸೇತುವೆ, ಅವರಿಗೆ ರೈಲು, ನಿಮಗೆ ಬಸ್ಸು. ಎಲ್ಲರೂ ಅಳ್ತಾರೆ. ಅಳು ಕೇಳಿ ಹಣ ಕೊಡೋ ಹಾಗಿಲ್ಲ. ಎಣಿಸಿ ಕೊಡಬೇಕು."

"ಎಣಿಸಿ ಮೇಡಂ. ನಾವು ಎಣಿಕೆಗೆ ಹೆದರೋ ಜನ ಅಲ್ಲ."

"ಮುಂದಿನ ವಾರ ನಿಮ್ಮ ಕಡೆ ಸರದಿ ಇದೆ. ರಸ್ತೆಗೆ ಅಡ್ಡ ಒಂದು ರಬ್ಬರ್ ಕೊಳವೆ ಹಾಕ್ತಾರೆ. ಗಾಡಿ ಅದರ ಮೇಲೆ ಹೋದಾಗೆಲ್ಲ ಯಂತ್ರ ಎಣಿಸುತ್ತೆ. ಹೆಚ್ಚು ಬಂದರೆ ಹಣ ಬೇಗ ಬರುತ್ತೆ. ಅದು ಒಂದು. ಇನ್ನೊಂದು ಏನಂದರೆ..."

ಫ್ರೇಮಿನವರು ಆಗಲೇ ಎದ್ದು ನಿಂತಿದ್ದರು. "ಇನ್ನೊಂದನ್ನೂ ನಾನೇ ನೋಡ್ಕೋತೀನಿ ಮೇಡಂ. ನೀವು ಕೊಳವೆ ಕಳಿಸಿ."

ಅವರು ಬಾಗಿಲು ದಾಟಿದರು. ಅಧಿಕಾರಿ ಉಳಿದ ಅರ್ಧವನ್ನು ಫ್ಯಾನಿಗೆ ಹೇಳಿದರು: ಕೊಳವೆಯ ಎಣಿಕೆ ರಸ್ತೆಯ ಹಣಕ್ಕೆ; ಬಸ್ಸು ಕೊಡುವುದು ನಡೆದು ಹೋಗುವವರನ್ನು ನೋಡಿ, ಅವರನ್ನು ಬೇರೆ ಎಣಿಸುತ್ತಾರೆ. ಫ್ಯಾನು ತಲೆಯಾಡಿಸಿತು. ಫ್ಯಾನಿಗೆ ಬಸ್ಸು ಬೇಕಾಗಿರಲಿಲ್ಲ.

ಸಂಜೆ ಅಂಗಡಿಯಲ್ಲಿ ಸಭೆ ಸೇರಿತು. ಜಾಗ ಸಾಲದೆ ಕೆಲವರು ಕಿಟಕಿಯಲ್ಲಿ ಕೂತರು. ಫ್ರೇಮಿನವರು ಕೆಲಸದ ಮೇಜಿನ ಹಿಂದೆ ನಿಂತು ವಿವರಿಸಿದರು. ಕೊಳವೆ. ಚಕ್ರ. ಎಣಿಕೆ. ಹಣ. ಬಸ್ಸು. ಕಟ್ಟು ನಾಲ್ಕೂ ಮೂಲೆಗೆ ಸರಿಯಾಗಿ ಕೂತಿತ್ತು.

"ಮಂಜೂರಾಗಿದೆ ಅಂದಿದ್ರಿ," ಎಂದ ಟ್ಯಾಂಕರ್ ಡ್ರೈವರ್.

"ಮಂಜೂರಾಗಿರೋದನ್ನ ಗಟ್ಟಿ ಮಾಡಬೇಕಲ್ಲ."

"ಅಂದರೆ ಶಿಸ್ತು ಬೇಕು," ಎಂದು ಡ್ರಿಲ್ ಮೇಷ್ಟ್ರು ಎದ್ದರು. ಅವರ ಕಣ್ಣು ಹೊಳೆಯುತ್ತಿತ್ತು. "ಕೊಳವೆ ಇರೋವಷ್ಟು ದಿನ ಬಡಾವಣೇಲಿ ಒಬ್ಬರ ಕಾಲೂ ನೆಲಕ್ಕೆ ತಾಗಬಾರದು. ಕೆಲಸಕ್ಕೆ ಹೋಗೋರು, ಶಾಲೆಗೆ ಹೋಗೋರು, ಎಲ್ಲ ಚಕ್ರದ ಮೇಲೆ. ಮುಖ್ಯರಸ್ತೇಲಿ ಇಳಿಸಿ ಗಾಡಿ ವಾಪಸ್ ಬರಬೇಕು. ಹಿಂದಿನ ಓಣಿಯಿಂದ ಸುತ್ತಿ ಮತ್ತೆ ಕೊಳವೆ ಮೇಲೆ. ನಿಲ್ಲೋ ಹಾಗಿಲ್ಲ."

"ನನ್ನ ಹತ್ರ ಗಾಡಿ ಇಲ್ಲ," ಎಂದಳು ಅಂಗಡಿಯಮ್ಮ.

"ತಳ್ಳುಗಾಡಿ ಇದೆಯಲ್ಲ. ಚಕ್ರ ಚಕ್ರವೇ."

ಮೂಲೆಯಲ್ಲಿ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದ ಹೆಂಡತಿ ಕೇಳಿದಳು: "ರೀ, ಬಸ್ ಬೇಕಾಗಿರೋದು ನಡೆಯೋರಿಗೆ ತಾನೇ? ನಡೆಯೋದನ್ನ ತೋರಿಸಿದರೆ ಆಗಲ್ವಾ?"

ಸಭೆ ಕರುಣೆಯಿಂದ ಅವಳನ್ನು ನೋಡಿತು.

"ನಿನಗೆ ಆಡಳಿತ ಅರ್ಥ ಆಗಲ್ಲ," ಎಂದರು ಫ್ರೇಮಿನವರು.

"ಆಗಲ್ಲ ಬಿಡಿ," ಎಂದು ಅವಳು ಇನ್ನೊಂದು ಮೊಣಕಾಲಿಗೆ ಎಣ್ಣೆ ತೆಗೆದುಕೊಂಡಳು.

ಸೋಮವಾರ ಕಪ್ಪು ಕೊಳವೆ ರಸ್ತೆಗೆ ಅಡ್ಡ ಬಿತ್ತು, ಫ್ರೇಮಿನವರ ಗೇಟಿನ ನೇರಕ್ಕೆ. ಅದನ್ನು ಹಾಕಿದವರು ಹೋದ ಮೇಲೆ ಒಬ್ಬ ಹೆಂಗಸು ಉಳಿದಳು. ರಸ್ತೆಯ ಬದಿಗೆ ಮಡಿಸುವ ಕುರ್ಚಿ ಬಿಚ್ಚಿದಳು, ಛತ್ರಿ ಬಿಡಿಸಿದಳು, ಕೈಯಲ್ಲಿ ಒಂದು ಸಣ್ಣ ಗುಂಡಿಯಂತ್ರ ಹಿಡಿದು ಕೂತಳು.

"ಕೊಳವೆ ಕಾಯೋಕಾ?" ಎಂದರು ಫ್ರೇಮಿನವರು.

"ಎಣಿಸೋಕೆ," ಎಂದಳು ಛತ್ರಿಯ ಹೆಂಗಸು.

"ಕೊಳವೆ ಎಣಿಸುತ್ತಲ್ಲ."

"ಅದು ಅದರ ಕೆಲಸ ಮಾಡುತ್ತೆ, ನಾನು ನನ್ನದು."

ಸರ್ಕಾರದಲ್ಲಿ ಒಂದು ಕೆಲಸಕ್ಕೆ ಇಬ್ಬರಿರುವುದು ಫ್ರೇಮಿನವರಿಗೆ ಹೊಸದಲ್ಲ. ಅವಳಿಗೆ ಚಹಾ ಕಳಿಸಲು ಹೇಳಿ ಅವರು ಷಡ್ಡಕರಿಂದಲೇ ಎರವಲು ತಂದ ಹಳೆಯ ಸ್ಕೂಟರ್ ಹತ್ತಿದರು. ಡ್ರಿಲ್ ಮೇಷ್ಟ್ರು ಕಾಂಪೌಂಡಿನ ಮೇಲೆ ನಿಂತು ಸೀಟಿ ಊದಿದರು.

ಬಡಾವಣೆ ಹೊರಟಿತು.

ಮೊದಲು ಸ್ಕೂಟರುಗಳು, ಹಿಂದೆ ಸೈಕಲ್ಲುಗಳು, ಅದರ ಹಿಂದೆ ಸಾಮಾನಿನ ಆಟೋದಲ್ಲಿ ಹಿಡಿಯಷ್ಟು ಜಾಗಕ್ಕೆ ಹೊಡೆದಾಡುತ್ತ ಕೆಲಸಕ್ಕೆ ಹೋಗುವ ಹೆಂಗಸರು. ಟ್ಯಾಂಕರ್ ತುಂಬಿದ ನೀರಿನೊಡನೆ ಸುತ್ತುತ್ತಿತ್ತು, ತಿರುವಿನಲ್ಲೆಲ್ಲ ಚೆಲ್ಲುತ್ತಿತ್ತು. ಅಂಗಡಿಯಮ್ಮ ತಳ್ಳುಗಾಡಿಯನ್ನು ಕೊಳವೆಯ ಮೇಲೆ ಹತ್ತಿಸಿ, ಇಳಿಸಿ, ಅಲ್ಲೇ ಹಿಂದಕ್ಕೆ ಎಳೆದು ಮತ್ತೆ ಹತ್ತಿಸುತ್ತಿದ್ದಳು. ಡ್ರಿಲ್ ಮೇಷ್ಟ್ರು ಅದಕ್ಕೂ ಒಪ್ಪಲಿಲ್ಲ. "ಸುತ್ತಿಕೊಂಡು ಬಾರಮ್ಮ. ಇದು ಮೋಸ."

"ನೀವು ಮಾಡಿಸ್ತಿರೋದು ಇನ್ನೇನು ಮೇಷ್ಟ್ರೇ?"

"ಇದು ಸಂಘಟನೆ."

ಗಾಲಿಕುರ್ಚಿಯ ಅಜ್ಜನೊಬ್ಬನನ್ನು ಮೊಮ್ಮಕ್ಕಳು ಸರದಿಯ ಮೇಲೆ ತಳ್ಳಿದರು. ಅವನಿಗೆ ಬಸ್ಸು ಹತ್ತುವ ಆಸೆ ಇರಲಿಲ್ಲ, ಆದರೆ ಮನೆಯಿಂದ ಹೊರಗೆ ಬಂದು ಎಷ್ಟೋ ಕಾಲವಾಗಿತ್ತು. ಸಾಕು ಎಂದರೂ ಒಳಗೆ ಹೋಗಲು ಒಪ್ಪಲಿಲ್ಲ.

ಹೆಂಡತಿ ಬುತ್ತಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. "ನಾನು ನಡೆದೇ ಹೋಗ್ತೀನಿ. ನಿಮ್ಮ ಸ್ಕೂಟರ್ ಹತ್ತೋದಕ್ಕಿಂತ ನನ್ನ ಮೊಣಕಾಲೇ ವಾಸಿ."

"ನೀನು ನಡೆದರೆ ನಾಳೆ ಜನ ನನ್ನ ಮುಖಕ್ಕೆ ಉಗೀತಾರೆ. ಹತ್ತು."

ಅವಳು ಹತ್ತಿದಳು. ಮಗಳೂ ಗೆಳತಿಯ ಸೈಕಲ್ಲಿನ ಹಿಂದೆ ಕೂತು ಸುತ್ತಿದಳು. ಅಪ್ಪ ಎದುರಾದಾಗೆಲ್ಲ ಕೈ ಬೀಸಿದಳು. ಆ ಕೈ ನೋಡಿದಾಗಲೆಲ್ಲ ಫ್ರೇಮಿನವರು ಇನ್ನೊಂದು ಸುತ್ತು ಹೊಡೆದರು.

ಛತ್ರಿಯ ಹೆಂಗಸು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾದಳು. ಒಬ್ಬರೂ ನಡೆದು ಬರಲಿಲ್ಲ. ಚಹಾ ಬಂತು, ಅದೂ ಸೈಕಲ್ಲಿನ ಮೇಲೆ. ಅವಳು ಆಕಳಿಸಿದಳು, ಸ್ವೆಟರ್ ಹೆಣೆಯಲು ಶುರು ಮಾಡಿದಳು. ಕೊಳವೆ ಬಿಚ್ಚುವ ದಿನದ ಹೊತ್ತಿಗೆ ಸ್ವೆಟರಿಗೆ ಎರಡೂ ತೋಳು ಬಂದಿದ್ದವು.

ಆ ಕೊನೆಯ ದಿನ ಷಡ್ಡಕ ಬಂದರು. ಸ್ಕೂಟರ್ ವಾಪಸು ಒಯ್ಯಲು ಬಂದವರು. ಆದ್ದರಿಂದ ಮುಖ್ಯರಸ್ತೆಯಿಂದ ನಡೆದು ಬಂದರು. ಧೂಳಿನಲ್ಲಿ ಬೆವರು ಒರೆಸಿಕೊಳ್ಳುತ್ತ, ಎದುರಿಗೆ ಸುತ್ತುತ್ತಿದ್ದ ಬಡಾವಣೆಯನ್ನು ನೋಡುತ್ತ ಕೊಳವೆ ದಾಟಿದರು.

ಛತ್ರಿಯ ಹೆಂಗಸು ಹೆಣಿಗೆ ಕೆಳಗಿಟ್ಟು, ಸಂತೋಷದಿಂದ, ಗುಂಡಿ ಒತ್ತಿದಳು.

ಒಂದು ತಿಂಗಳಾದ ಮೇಲೆ ಅನುದಾನದ ಅಧಿಕಾರಿ ಸ್ವತಃ ಬಂದರು, ಜೊತೆಗೆ ಒಬ್ಬ ಇಂಜಿನಿಯರ್, ಅವನ ಹಿಂದೆ ಕೆಂಪು ಬಣ್ಣದ ಡಬ್ಬಿ ಹಿಡಿದ ಆಳು. ಜನ ಸೇರಿದರು. ಷಡ್ಡಕರನ್ನೂ ಫ್ರೇಮಿನವರು ಹೇಳಿ ಕಳಿಸಿ ಕರೆಸಿದ್ದರು; ಸಾಕ್ಷಿ ಬೇಕಲ್ಲ.

"ನಗರದ ಈ ಕಡೆ ಇಂಥ ಎಣಿಕೆ ಯಾವ ಒಳರಸ್ತೇಲೂ ಬಂದಿಲ್ಲ," ಎಂದರು ಅಧಿಕಾರಿ. "ನಾವು ಯಂತ್ರ ಕೆಟ್ಟಿದೆ ಅಂತ ಎರಡು ಸಲ ಬಿಚ್ಚಿ ನೋಡಿದ್ವಿ. ಕೆಟ್ಟಿರಲಿಲ್ಲ. ಹಣ ಮಂಜೂರಾಗಿದೆ."

ಚಪ್ಪಾಳೆ ಬಿತ್ತು. ಡ್ರಿಲ್ ಮೇಷ್ಟ್ರು ಉದ್ದನೆಯ ಸೀಟಿ ಊದಿದರು. ಫ್ರೇಮಿನವರು ಷಡ್ಡಕರ ಕಡೆ ತಿರುಗಿ ಏನೂ ಹೇಳಲಿಲ್ಲ. ಏನೂ ಹೇಳದೆ ಇಷ್ಟು ಹೇಳಬಹುದೆಂದು ಅವರಿಗೆ ಅಂದೇ ತಿಳಿದದ್ದು.

ಇಂಜಿನಿಯರ್ ಪಟ್ಟಿ ಹಿಡಿದು ಅಳೆದ. ಆಳು ಫ್ರೇಮಿನವರ ಕಾಂಪೌಂಡಿನ ಮೇಲೆ ಕೆಂಪು ಗುರುತು ಹಾಕಿದ.

"ನಿಲ್ದಾಣ ಇಲ್ಲೇ," ಎಂದು ಜನ ಪಿಸುಗುಟ್ಟಿದರು.

"ಇದು ಅನ್ಯಾಯ," ಎಂದರು ಡ್ರಿಲ್ ಮೇಷ್ಟ್ರು. "ಸೀಟಿ ಊದಿದವನು ನಾನು. ನನ್ನ ಗೋಡೆಗೂ ಒಂದು ಹಾಕಿ."

"ಹಾಕ್ತೀವಿ ಸಾರ್," ಎಂದ ಆಳು. "ಈ ಸಾಲಿನವರಿಗೆಲ್ಲ ಇದೆ. ಅವಸರ ಬೇಡ."

"ನನಗೆ?" ಎಂದು ಅಂಗಡಿಯಮ್ಮ ಮುಂದೆ ಬಂದಳು.

"ನಿಮಗೆ ದೊಡ್ಡದು ಇದೆ."

ಆಮೇಲೆ ಆಳು ಚಪ್ಪಲಿ ಬಿಟ್ಟು ಫ್ರೇಮಿನವರ ಅಂಗಡಿಯೊಳಗೆ ಬಂದ. ಮೇಜು ದಾಟಿದ, ಗಾಜಿನ ಹಲಗೆಗಳನ್ನು ಸುತ್ತಿದ, ಅಡುಗೆಮನೆಗೆ ಹೊಂದಿಕೊಂಡ ಹಿಂದಿನ ಗೋಡೆಯ ಮೇಲೆ ಇನ್ನೊಂದು ಕೆಂಪು ಗುರುತು ಹಾಕಿ ನಮಸ್ಕಾರ ಮಾಡಿ ಹೋದ.

ಒಳಗೂ ಒಂದು. ಇಷ್ಟು ಗೌರವವನ್ನು ಫ್ರೇಮಿನವರು ನಿರೀಕ್ಷಿಸಿರಲಿಲ್ಲ. ಅವರು ಅಂದೇ ಒಳ್ಳೆಯ ಮರದ ಪಟ್ಟಿ ಆರಿಸಿ, ಮೂಲೆಗಳನ್ನು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಸಿ, ಒಳಗಿನ ಗುರುತಿನ ಸುತ್ತ ಗೋಡೆಗೇ ಕಟ್ಟು ಹಾಕಿದರು. ಗಾಜನ್ನೂ ಕೂರಿಸಿದರು. ಬಣ್ಣ ಉದುರಬಾರದಲ್ಲ.

ಬಡಾವಣೆ ಸಾಲಾಗಿ ಬಂದು ನೋಡಿಹೋಯಿತು. ಷಡ್ಡಕ ಮಾತ್ರ ಬಹಳ ಹೊತ್ತು ಅದರ ಮುಂದೆ ನಿಂತರು. ಕಣ್ಣಿಗೆ ಕನ್ನಡಕ ಏರಿಸಿದರು, ಇಳಿಸಿದರು. ಮಗಳು ಅವರ ಪಕ್ಕದಲ್ಲಿ ನಿಂತಳು.

"ಅಪ್ಪಾ," ಎಂದಳು, "ಒಂದು ಗುರುತು ಕಾಂಪೌಂಡಿನ ಮೇಲೆ, ಒಂದು ಇಲ್ಲಿ. ಮಧ್ಯದಲ್ಲಿ ನಮ್ಮ ಅಂಗಡಿ. ಬಸ್ ಒಳಗೆ ಬರುತ್ತಾ?"

ಯಾರೂ ನಗಲಿಲ್ಲ. ಷಡ್ಡಕ ಕನ್ನಡಕ ಜೇಬಿಗೆ ಹಾಕಿದರು. "ನಾಳೆ ಹೋಗಿ ಕೇಳಿಕೊಂಡು ಬನ್ನಿ," ಎಂದರು. ಅವರ ದನಿಯಲ್ಲಿ ಮೊದಲ ಸಲ ರೈಲಿರಲಿಲ್ಲ.

ಮರುದಿನ ಕಚೇರಿಯಲ್ಲಿ ಅಧಿಕಾರಿ ಫ್ರೇಮಿನವರನ್ನು ಕೂರಿಸಿ ನೀರು ಕೊಟ್ಟರು. ರಸ್ತೆ ಅಗಲವಾಗುತ್ತದೆ, ನಡುವೆ ಮೇಲ್ಸೇತುವೆ ಬರುತ್ತದೆ, ಅವರ ಸಾಲಿನ ಮನೆಗಳ ಮುಂದಿನ ಕೋಣೆಗಳು ಹೋಗುತ್ತವೆ, ಪರಿಹಾರ ನಿಯಮದಂತೆ ಸಿಗುತ್ತದೆ.

"ಮತ್ತೆ ಬಸ್ಸು?"

"ಯಾವ ಬಸ್ಸು?"

"ಬಸ್ಸಿಗೆ ಅಂತ ತಾನೇ ಎಣಿಸಿದ್ದು ಮೇಡಂ."

"ನೋಡಿ, ಇಷ್ಟು ಗಾಡಿ ಇರೋರಿಗೆ ಬಸ್ ಯಾಕೆ? ನಿಮ್ಮಲ್ಲಿ ನಡೆಯೋರೇ ಇಲ್ಲ. ನಮ್ಮ ಹೆಂಗಸು ವಾರ ಪೂರ್ತಿ ಕೂತು ಒಬ್ಬರನ್ನ ಎಣಿಸಿದಾಳೆ."

"ಅವರು ನಮ್ಮ ಷಡ್ಡಕ," ಎಂದರು ಫ್ರೇಮಿನವರು. "ಅವರಿಗೆ ರೈಲಿದೆ."

"ಹಾಗಾದರೆ ಯಾರೂ ಇಲ್ಲ."

"ಅರ್ಧ ಬಡಾವಣೆ ದಿನಾ ನಡೆಯುತ್ತೆ ಮೇಡಂ. ನನ್ನ ಹೆಂಡತಿ ಮೊಣಕಾಲು ನೋಡಿ ಬನ್ನಿ."

"ಆ ವಾರ ಎಲ್ಲಿದ್ರು?"

ಫ್ರೇಮಿನವರು ನೀರಿನ ಲೋಟ ಕೆಳಗಿಟ್ಟರು. "ಗಾಡಿ ಮೇಲೆ."

"ಯಾಕೆ?"

"ನಾನೇ ಹತ್ತಿಸಿದೆ."

ಅಧಿಕಾರಿ ಇಂಥವರನ್ನು ಕಂಡಿರಲಿಲ್ಲವೆಂದಲ್ಲ. ಆದರೂ ಒಮ್ಮೆ ಫ್ಯಾನಿನ ಕಡೆ ನೋಡಿದರು. "ಇನ್ನೊಂದು ಎಣಿಕೆ ಇದೆ. ಸೇತುವೆ ಆದ ಮೇಲೆ," ಎಂದರು.

"ಆಗ ಯಾರನ್ನ ಎಣಿಸ್ತೀರಿ? ಪೂರ್ತಿ ಹೇಳಿ. ನಾನು ಏಳಲ್ಲ."

"ನಡೆಯೋರನ್ನ."

ಫ್ರೇಮಿನವರು ಆಮೇಲೂ ಕೂತೇ ಇದ್ದರು. ಇನ್ನೇನಾದರೂ ಇದೆಯೇ ಎಂದು ಎರಡು ಸಲ ಕೇಳಿದರು. ಇಲ್ಲವೆಂದು ಖಚಿತವಾದ ಮೇಲೆ ಎದ್ದರು.

ಮನೆಗೆ ಬಂದು ಎಲ್ಲರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದರು. ಡ್ರಿಲ್ ಮೇಷ್ಟ್ರು ತಾವು ಕೇಳಿ ಹಾಕಿಸಿಕೊಂಡ ಗುರುತನ್ನು ತೆಂಗಿನ ನಾರಿನಿಂದ ಉಜ್ಜಿದರು. ಅದು ಹೋಗಲಿಲ್ಲ, ಸರ್ಕಾರದ ಬಣ್ಣ ಇಂಥ ಕಡೆ ಮಾತ್ರ ಗಟ್ಟಿ. ಅಂಗಡಿಯಮ್ಮ ಸಕ್ಕರೆ ವಾಪಸು ಕೇಳಿದಳು. ಹೆಂಡತಿ ಎಣ್ಣೆಯ ಬಾಟಲಿ ತಂದು ಮೊಣಕಾಲಿಗೆ ಹಚ್ಚತೊಡಗಿದಳು. ಅದು ಫ್ರೇಮಿನವರಿಗೆ ಸಕ್ಕರೆಗಿಂತ ಭಾರವಾಯಿತು.

ಮಗಳು ತನ್ನ ಬಟ್ಟೆ ತುಂಬಿಕೊಂಡಳು. ಷಡ್ಡಕ ಚೀಲ ಎತ್ತಿಕೊಂಡರು. ಕಿಟಕಿ, ರೈಲು ಯಾವುದರ ಮಾತೂ ಎತ್ತಲಿಲ್ಲ. ಪಾಪ, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದ್ದು ಕಾಣುತ್ತಿತ್ತು.

"ಭಾನುವಾರ ಬರ್ತೀನಲ್ಲಪ್ಪ," ಎಂದಳು ಮಗಳು.

"ಬಾ. ಗಾಜು ಒರೆಸದೆ ಇಟ್ಟಿರ್ತೀನಿ."

ಗೋಡೆ ಕೆಡವುವ ಯಂತ್ರ ಬಂದ ದಿನ ಫ್ರೇಮಿನವರು ಹಿಂದಿನ ಗೋಡೆಯ ಕಟ್ಟನ್ನು ಬಿಚ್ಚಲು ಹೋಗಲಿಲ್ಲ. ಅಷ್ಟು ಚೆನ್ನಾಗಿ ಕೂತದ್ದನ್ನು ಬಿಚ್ಚಲು ಕೈ ಬರಲಿಲ್ಲ. ಕೋಣೆ ಹೋದ ಮೇಲೂ ಆ ಗೋಡೆ ಉಳಿಯಿತು. ಈಗ ಅದೇ ಮನೆಯ ಮುಂಭಾಗ. ಅಂಗಡಿ ಅಡುಗೆಮನೆಗೆ ಬಂದಿದೆ. ಗಿರಾಕಿಗಳು ಒಲೆಯ ಪಕ್ಕದಲ್ಲಿ ನಿಂತು ಅಳತೆ ಕೊಡುತ್ತಾರೆ. ಮೇಲ್ಸೇತುವೆಯ ಮೇಲೆ ಬಸ್ಸುಗಳು ಹೋಗುತ್ತವೆ; ಅಲ್ಲಿಂದ ಇಳಿಯಲು ದಾರಿಯಿಲ್ಲ.

ಈಗ ಫ್ರೇಮಿನವರು ದಿನಾ ನಡೆಯುತ್ತಾರೆ. ಬೆಳಿಗ್ಗೆ ಹೆಂಡತಿಯ ಬುತ್ತಿ ಹಿಡಿದು ಅವಳ ಜೊತೆ ಮುಖ್ಯರಸ್ತೆಯವರೆಗೆ ಹೋಗುತ್ತಾರೆ, ಒಬ್ಬರೇ ವಾಪಸು ಬರುತ್ತಾರೆ. ಸಂಜೆ ಮತ್ತೆ ಹೋಗುತ್ತಾರೆ. ಸ್ಕೂಟರಿನವರು ಯಾರಾದರೂ ಹತ್ತಿ ಎಂದರೆ ತಲೆಯಲ್ಲಾಡಿಸುತ್ತಾರೆ. "ಎಣಿಸೋರು ಯಾವಾಗ ಬಂದು ಕೂರ್ತಾರೋ ಯಾರು ಕಂಡಿದ್ದಾರೆ. ನೀವೂ ಇಳೀರಿ." ಕೆಲವರು ಇಳಿಯುತ್ತಾರೆ. ಡ್ರಿಲ್ ಮೇಷ್ಟ್ರು ಸೀಟಿ ಇಲ್ಲದೆ ಅವರ ಹಿಂದೆ ನಡೆಯುತ್ತಾರೆ. ಹೆಂಡತಿ ಮೊನ್ನೆ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತ, "ಆಡಳಿತ ಅರ್ಥ ಆಯ್ತಾ ರೀ?" ಎಂದಳು. "ಆಗ್ತಾ ಇದೆ, ನಡಿ," ಎಂದರು ಅವರು.

ಹೋದದ್ದು ಇಷ್ಟು: ಮುಂದಿನ ಕೋಣೆ ಒಂದು, ಕೆಲಸದ ಮೇಜು ಒಂದು, ಒಡೆದ ಗಾಜು ಹದಿನೇಳು ಹಲಗೆ, ಅಂಗಡಿಯಮ್ಮನಿಗೆ ಹಿಂದಿರುಗಿಸಿದ ಸಕ್ಕರೆ ಒಂದು ಪೊಟ್ಟಣ, ಮಗಳು ವಾರಕ್ಕೆ ಆರು ದಿನ. ಬಸ್ಸು ಮೊದಲೂ ಇರಲಿಲ್ಲ; ಅದು ಈ ಲೆಕ್ಕಕ್ಕೆ ಬರುವುದಿಲ್ಲ.